ಬಚ್ಚಲ ಹಿಂದಿನ ಹೀರೇಬಳ್ಳಿ

ಹನುಮಕ್ಕ, ಆ ಹೀರೇಬಳ್ಳಿಯನ್ನು ಕೊಂದವಳು ನಾನು. ನೀನು ಅದನ್ನು ಕೆಡಿಸಿರಲಿಲ್ಲ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು — ಅದೂ ನೀನು ಕೇಳಿಸಿಕೊಳ್ಳಲಾರದ ಕಡೆಗೆ ಹೋದಮೇಲೆ.

ಯುದ್ಧದ ವರ್ಷಗಳು. ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವುದು ನಮ್ಮಂಥವರಿಗೆ ದೂರದ ಮಾತು. ಕೊಪ್ಪಳದ ಇಕ್ಕಟ್ಟು ಓಣಿಯ ನಮ್ಮ ಮನೆಗೆ ಹಿತ್ತಲೆಂದರೆ ಬಚ್ಚಲ ಹಿಂದಿನ ಎರಡು ಮೊಳ ನೆಲ. ನಿನ್ನ ಗಂಡ ತೀರಿಕೊಂಡ ಮರುವರ್ಷ ನೀನು, ಮನೆಯ ಹಿರಿಯ ಸೊಸೆ, ನನ್ನ ನೆಗೆಣ್ಣಿ, ಅಲ್ಲಿ ಬೀಜ ಊರಿದೆ. ಬಚ್ಚಲ ನೀರು ಕುಡಿದೇ ಬಳ್ಳಿ ಮಾಳಿಗೆ ಏರಿತು. "ಈಕಿ ಕೈ ಭಾಳ ಛಲೋ ಐತಿ" ಎಂದು ಒಮ್ಮೆ ಅತ್ತೆ ಅಂದರು — ನಿನ್ನನ್ನು ಕಂಡರೆ ಮುಖ ತಿರುವುತ್ತಿದ್ದ ಅತ್ತೆ! ನೀನು ನಕ್ಕೆ. ನನಗೆ ಹೊಟ್ಟೆಕಿಚ್ಚಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಸವಳು ಮಣ್ಣು ಹಾಕಿ ಬಟ್ಟೆ ಕುದಿಸಿದ ನೀರನ್ನು ಓಣಿಯಾಚೆ ಚೆಲ್ಲಬೇಕೆಂದು ನೀನು ಎಷ್ಟು ಸಲ ಹೇಳಿದ್ದೆ. ಆ ದಿನ ನನ್ನ ಮೈಗಳ್ಳತನ — ಕುದಿಯುತ್ತಿದ್ದುದನ್ನು ಹಾಗೇ ಬಚ್ಚಲಿಗೆ ಸುರಿದೆ. ಸಂಜೆಗೆ ಬಳ್ಳಿ ಜೋತುಬಿತ್ತು.

ಮುಟ್ಟಾದವಳು ಸೋಕಿದರೆ ಬಳ್ಳಿ ಬಾಡುತ್ತದೆ ಎಂದು ನಂಬಿದ ಮನೆ ನಮ್ಮದು. "ಯಾರು ಹೊರಗಾಗಿ ಮುಚ್ಚಿಟ್ಟೀರಿ? ಖರೇ ಹೇಳ್ರಿ" ಅಂದರು ಅತ್ತೆ. ಬಿಸಿನೀರಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಬಂದದ್ದು ಬೇರೆ —

"ಅಕ್ಕ ಹೊರಗಾಗ್ಯಾಳ್ರಿ ಅತ್ತಿ. ನಾ ನೋಡೀನಿ."

ಭಯವೇ? ಇರಬಹುದು. ಆದರೆ ನಿನ್ನ ಆ ನಗುವೂ ನನ್ನನ್ನು ಇನ್ನೂ ಚುಚ್ಚುತ್ತಿತ್ತು.

"ನೀ ನೋಡೀಯೇನ, ತಂಗಿ?" ಅಂದೆ ನೀನು. ಅಷ್ಟೇ. ಮೈಲಿಗೆಯಲ್ಲೇ ಒಲೆ ಮುಟ್ಟಿದವಳೆಂದು ಮೂರನೆಯ ದಿನ ನಿನ್ನನ್ನು ಕುಷ್ಟಗಿಗೆ, ನಿನ್ನ ಅಣ್ಣನ ಮನೆಗೆ ಕಳಿಸಿದರು.

ಎರಡು ವರ್ಷದ ಮೇಲೆ ಒಂದು ಮದುವೆಗೆಂದು ಕುಷ್ಟಗಿಗೆ ಹೋದವಳು ನಿನ್ನನ್ನೂ ಕಾಣಲು ಬಂದೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ನಿನ್ನ ಚಾಪೆ, ನಿನ್ನ ತಾಟು. ಅಂಗಳದಲ್ಲಿ ಬದನೆ, ಮೆಣಸಿನ ಗಿಡಗಳು — ನೀನು ಒಂದರ ಹತ್ತಿರವೂ ಹೋಗುವಂತಿರಲಿಲ್ಲ. ನಿನ್ನ ಅತ್ತಿಗೆ ನನಗೆ ನೀರು ಕೊಟ್ಟು ಹೇಳಿದಳು: "ನಿಮ್ಮ ಮನ್ಯಾಗ ಆಗಿದ್ದು ಗೊತ್ತೈತ್ರಿ. ಅದಕ್ಕ ದೂರ ಇಟ್ಟೇವಿ."

ನಾನು ನೀರು ಕುಡಿದೆ. ನೀನು ಕೊಟ್ಟಿಗೆಯಿಂದಲೇ ಕೇಳಿದೆ, "ಮತ್ತ ಬೀಜ ಊರೀಯೇನ, ತಂಗಿ?" ಹೂಂ ಅಂದೆ. ಅದೂ ಸುಳ್ಳೇ.

ಮರುವರ್ಷ ನೀನು ಆ ಕೊಟ್ಟಿಗೆಯಲ್ಲೇ ತೀರಿಕೊಂಡೆ. ನಿನ್ನನ್ನು ಕಾಣಲು ಬಂದ ಆ ದಿನ ಅಂಗಳದಲ್ಲಿ ನಿಂತು ನಾನು ಒಂದೇ ಒಂದು ಮಾತು ಆಡಿದ್ದರೆ ಅವರು ನಿನ್ನನ್ನು ಅಂದೇ ಒಳಗೆ ಕರೆಯುತ್ತಿದ್ದರು, ಹನುಮಕ್ಕ. ನನಗೆ ಅದು ಗೊತ್ತಿತ್ತು.