ಎದೆಯ ಮೇಲಿನ ಕ್ಯಾಮೆರಾ

"ಆಫ್ ಮಾಡಿದೀನಿ, ಹೋಗು."

ನೈರೋಬಿಗೆ ಬಂದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಕನ್ನಡ ವಾಕ್ಯ ಇದೇ ಇರಬೇಕು. ಹೇಳುತ್ತಿದ್ದವನು ನನ್ನ ಗೆಳೆಯ. ಮೈಸೂರಿನಲ್ಲಿ ನಮ್ಮದು ಒಂದೇ ಕಾಲೇಜು, ಬೆಂಗಳೂರಿನಲ್ಲಿ ಒಂದೇ ಕಂಪನಿ, ಆಮೇಲೆ ಇಬ್ಬರೂ ಒಂದೇ ವಿಮಾನದಲ್ಲಿ ಬಂದು ಇಲ್ಲಿ ಇಳಿದವರು. ಮೊಬೈಲ್ ಜಾಲದೊಳಗೆ ಸೇರಿಕೊಂಡ ಗದ್ದಲವನ್ನು, ಅಂದರೆ ಇಂಟರ್‌ಫಿಯರೆನ್ಸನ್ನು, ಹುಡುಕುವುದು ನಮ್ಮ ಕೆಲಸ. ನಗರದ ನಡುವಿನ ಪೇಟೆಯಾದ ಸಿಬಿಡಿಯ ಯಾವನೋ ಅಂಗಡಿಯವನು ಸಿಗ್ನಲ್ ಚೆನ್ನಾಗಿ ಸಿಗಲಿ ಅಂತ ಅಗ್ಗದ ಬೂಸ್ಟರ್ ಹಾಕಿಕೊಂಡಿರುತ್ತಾನೆ. ಅವನ ಫೋನು ಚೆನ್ನಾಗಿ ಮಾತಾಡುತ್ತದೆ, ಇಡೀ ಬೀದಿಯ ಫೋನುಗಳು ಕೆಮ್ಮತೊಡಗುತ್ತವೆ. ನಾವು ಹೋಗಿ, ಕೈಮುಗಿದು, ಕಟ್ಟಡದಲ್ಲಿರುವ ಯಂತ್ರಗಳನ್ನು ಒಂದೊಂದಾಗಿ ಆಫ್ ಮಾಡಿಸುತ್ತಾ ಬರುತ್ತೇವೆ. ಯಾವುದು ಆಫ್ ಆದಾಗ ಗದ್ದಲ ನಿಲ್ಲುತ್ತದೋ ಅದೇ ಕಳ್ಳ. ಇಷ್ಟೇ ನಮ್ಮ ವಿದ್ಯೆ.

ಕೆಲವು ಸಲ ತಾರಸಿ ಹತ್ತಿ ನಮ್ಮದೇ ಆಂಟೆನಾದ ಮುಂದೆ ನಿಲ್ಲಬೇಕಾಗುತ್ತದೆ. ಅದು ಆನ್ ಇದ್ದಾಗ ಹತ್ತಿರ ನಿಂತರೆ ಮೈ ಒಳಗಿನಿಂದಲೇ ಬೇಯುತ್ತದೆ, ನಿಂತವನಿಗೆ ಬೇಗ ಗೊತ್ತೂ ಆಗುವುದಿಲ್ಲ. ಅದಕ್ಕೇ ಒಬ್ಬ ಅದರ ಸ್ವಿಚ್ಚಿರುವ ಪೆಟ್ಟಿಗೆಯ ಬಳಿ ನಿಂತು ಆಫ್ ಮಾಡಬೇಕು, ಇನ್ನೊಬ್ಬ ಹೋಗಬೇಕು. ಹೋಗುವವನು ಮೊದಲು ಪೆಟ್ಟಿಗೆಯೊಳಗೆ ಬಗ್ಗಿ ದೀಪ ಆರಿದೆಯೇ ಎಂದು ಕಣ್ಣಾರೆ ನೋಡಬೇಕೆಂಬುದು ನಿಯಮ. ಯಾವಾಗಲೂ ಹೋಗುತ್ತಿದ್ದವನು ನಾನು, ಒಂದು ದಿನವೂ ಬಗ್ಗಿ ನೋಡಿದವನಲ್ಲ. ಅವನು ಹೇಳಿದ ಮೇಲೆ ನೋಡುವುದೇನು?

ಒಂದು ಜನವರಿಯಲ್ಲಿ ಕಂಪನಿ ನಮ್ಮಿಬ್ಬರನ್ನೂ ತರಬೇತಿಗೆಂದು ಕೆನಡಾಕ್ಕೆ ಕಳಿಸಿತು. ಹೊರಡುವ ಮುಂಚೆ ನನ್ನ ಹೆಂಡತಿ ವೆಸ್ಟ್‌ಲ್ಯಾಂಡ್ಸ್‌ಗೆ ಹೋಗಿ ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ತಂದುಕೊಟ್ಟಳು. ನೈರೋಬಿಯ ಜುಲೈ ಚಳಿಗೇ ನನ್ನ ಬೆರಳು ಬೆಳ್ಳಗಾಗುತ್ತವೆ. "ಅಲ್ಲಿ ನೀವು ಐಸ್ ಕ್ಯಾಂಡಿ ಆಗ್ಬಿಡ್ತೀರ ರೀ," ಎಂದು ನಕ್ಕಿದ್ದಳು.

ತರಬೇತಿ ಮುಗಿದ ವಾರಾಂತ್ಯದಲ್ಲಿ ಸ್ನೋಮೊಬೈಲ್ ಓಡಿಸಲು ಹೋದೆವು. ಹಿಮದ ಮೇಲೆ ಓಡುವ ಒಂದು ಬಗೆಯ ಭಾರೀ ಸ್ಕೂಟರ್ ಅದು. ರಸ್ತೆ, ಮನೆ ಯಾವುದೂ ಇಲ್ಲದ ಬೆಟ್ಟದ ಕಡೆಗೆ ಒಬ್ಬ ಮಾರ್ಗದರ್ಶಿ ಹೆಂಗಸು ನಮ್ಮನ್ನು ಕರೆದೊಯ್ದರು. ಹೊರಡುವ ಮೊದಲು ತಮ್ಮ ಎದೆಗೂ ನಮ್ಮಿಬ್ಬರ ಎದೆಗೂ ಬೀಕನ್ ಎಂಬ ಪುಟ್ಟ ಪೆಟ್ಟಿಗೆ ಕಟ್ಟಿದರು. ಅದು ಸದಾ ಸಿಗ್ನಲ್ ಕಳಿಸುತ್ತಿರುತ್ತದೆ. ಬೆಟ್ಟದ ಹಿಮ ಕುಸಿದು ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಬೀಕನ್ನು ಸಿಗ್ನಲ್ ಕಳಿಸುವುದನ್ನು ಬಿಟ್ಟು ಹುಡುಕುವಂತೆ ಗುಂಡಿ ಬದಲಿಸಬೇಕು. ಅದರಲ್ಲಿ ಮೂಡುವ ಬಾಣದ ಗುರುತು ಹೂತವನ ಕಡೆಗೆ ದಾರಿ ತೋರಿಸುತ್ತದೆ. "ಫೋನು, ಕ್ಯಾಮೆರಾ, ಬಿಸಿ ಕೈಗವಸು ಯಾವುದೂ ಇದರ ಹತ್ತಿರ ಆನ್ ಇರಕೂಡದು. ಹುಡುಕುವಾಗಲಂತೂ ಖಂಡಿತ ಇರಕೂಡದು. ಬಾಣ ದಾರಿ ತಪ್ಪುತ್ತದೆ," ಎಂದು ಆಕೆ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು.

"ನಮ್ಗೇ ಇಂಟರ್‌ಫಿಯರೆನ್ಸ್ ಪಾಠ ಮಗಾ!" ಎಂದು ಅವನು ನನ್ನ ಪಕ್ಕೆಗೆ ತಿವಿದ. ಇಬ್ಬರೂ ನಕ್ಕೆವು. ನಾನು ಫೋನನ್ನೂ ಕೈಗವಸನ್ನೂ ಆಫ್ ಮಾಡಿದೆ. ಅವನ ಎದೆಯ ಪಟ್ಟಿಗೆ ಒಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿತ್ತು. ಮಸಾಯಿ ಮಾರಾದಲ್ಲಿ ಸಿಂಹ ಆಕಳಿಸಿದ್ದರಿಂದ ಹಿಡಿದು ಇಲ್ಲಿನ ಮಿನಿಬಸ್ಸು ಮಟಾಟುವಿನ ಕಂಡಕ್ಟರ್ ಚಿಲ್ಲರೆ ಎಣಿಸಿದ್ದರ ತನಕ ಎಲ್ಲವನ್ನೂ ವಿಡಿಯೊ ಮಾಡುವ ಚಟ ಅವನದು. ಆಫ್ ಮಾಡಿ, ಆಕೆಗೂ ನನಗೂ ತೋರಿಸಿದ.

ಮಧ್ಯಾಹ್ನದ ಹೊತ್ತಿಗೆ ಒಂದು ಇಳಿಜಾರಿನ ಅಡ್ಡಕ್ಕೆ ನಾನು ಮುಂದೆ ಹೋದೆ, ಅವನು ಹಿಂದಿದ್ದ. ಮಾರ್ಗದರ್ಶಿ ಆಗಲೇ ಕೆಳಗಿನ ಬಯಲು ಮುಟ್ಟಿದ್ದರು. ಮೇಲೆ ಏನೋ ಹರಿದ ಸದ್ದಾಯಿತು. ತಿರುಗುವಷ್ಟರಲ್ಲಿ ಹಿಮ ನನ್ನನ್ನೂ ಗಾಡಿಯನ್ನೂ ಎಳೆದುಕೊಂಡು ಹೋಗಿತ್ತು.

ಹಿಮ ಮೆತ್ತಗಿರುತ್ತದೆ ಎಂದುಕೊಂಡಿದ್ದೆ. ನಿಂತ ಮೇಲೆ ಅದು ಗಾರೆಯ ಹಾಗೆ ಬಿಗಿದುಕೊಂಡಿತು. ಬೆರಳೊಂದನ್ನೂ ಅಲ್ಲಾಡಿಸಲು ಆಗಲಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಉಸಿರು ಬಿಟ್ಟರೆ ಅದೇ ಉಸಿರು ಮುಖಕ್ಕೆ ಬಡಿಯುತ್ತಿತ್ತು. ಹೆದರಿದ್ದೆ, ಆದರೆ ಒಳಗೊಳಗೆ ಒಂದು ಧೈರ್ಯವೂ ಇತ್ತು. ಮೇಲಿರುವವನು ಬೇರೆ ಯಾರೋ ಅಲ್ಲ. ಇಡೀ ನೈರೋಬಿಯ ಗದ್ದಲದಲ್ಲಿ ಒಂದು ಕಳ್ಳ ಬೂಸ್ಟರನ್ನು ಹೆಕ್ಕಿ ತೆಗೆಯುವವನಿಗೆ, ಈ ಖಾಲಿ ಬೆಟ್ಟದಲ್ಲಿ ನಾನು ಸಿಗುವುದಿಲ್ಲವೇ?

ಅವನು ನನ್ನ ಹೆಸರು ಕೂಗುವುದು ಕೇಳಿಸಿತು. ಹತ್ತಿರ ಬಂದ. ತಲೆಯ ಮೇಲೇ ಹೆಜ್ಜೆ ಸದ್ದು. ಇಲ್ಲೇ ಇದೀನಿ ಅಂತ ಕಿರುಚಿದೆ, ಆ ಸದ್ದು ನನ್ನ ಬಾಯಿಂದಾಚೆ ಹೋಗಲಿಲ್ಲ. ಹೆಜ್ಜೆಗಳು ದೂರ ಹೋದವು. ಮತ್ತೆ ಬಂದವು, ಮತ್ತೆ ಹೋದವು. ಎರಡನೆಯ ಸಲ ದೂರ ಹೋದಾಗ ನನಗೆ ಮಗಳ ಮುಖ ನೆನಪಾಯಿತು. ಆಮೇಲೆ ಏನೂ ನೆನಪಿಲ್ಲ.

ನನ್ನನ್ನು ಪತ್ತೆ ಹಚ್ಚಿದವರು ಮಾರ್ಗದರ್ಶಿ. ಕೆಳಗಿಂದ ಏರಿ ಬಂದು, ತಮ್ಮ ಬೀಕನ್ ಹಿಡಿದು ನೇರವಾಗಿ ನಾನಿದ್ದಲ್ಲಿಗೆ ನಡೆದರಂತೆ. ಇಬ್ಬರೂ ಸೇರಿ ಅಗೆದರಂತೆ. ಕಣ್ಣು ಬಿಟ್ಟಾಗ ಅವನು ನನ್ನ ಕೆನ್ನೆ ಉಜ್ಜುತ್ತಾ ಅಳುತ್ತಿದ್ದ. ಆಸ್ಪತ್ರೆಯಲ್ಲಿ ಮೆಲ್ಲಗೆ ಹೇಳಿದ: "ನಿನ್ನ ಗ್ಲೌಸ್ ಆನ್ ಆಗ್ಬಿಟ್ಟಿತ್ತು ಮಗಾ. ಎತ್ತಿದಾಗ ಲೈಟ್ ಉರೀತಿತ್ತು, ನಾನೇ ನೋಡಿ ಆಫ್ ಮಾಡ್ದೆ. ಅದಕ್ಕೇ ನಂಗೆ ಸಿಗ್ನಲ್ ಸಿಗ್ಲಿಲ್ಲ."

ಹ್ಯಾಂಡಲ್‌ಗೆ ತಾಗಿ ಗುಂಡಿ ಒತ್ತಿರಬೇಕು ಅಂದುಕೊಂಡೆ. ನನ್ನ ಕೈಗವಸು ಸಿಗ್ನಲ್ ಕೆಡಿಸಿದ್ದರೆ ಆಕೆಗೆ ಹೇಗೆ ಅಷ್ಟು ನೇರವಾಗಿ ಸಿಕ್ಕೆ ಎಂಬ ಪ್ರಶ್ನೆ, ಅದೇ ಕೆಲಸದಿಂದ ಹೊಟ್ಟೆ ಹೊರೆಯುವ ನನ್ನ ತಲೆಗೆ ಹೊಳೆಯಲೇ ಇಲ್ಲ.

ನೈರೋಬಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೈಗವಸನ್ನು ಕಸದ ಬುಟ್ಟಿಗೆ ಎಸೆದಳು. ಅಷ್ಟಕ್ಕೇ ಮುಗಿಯಲಿಲ್ಲ. ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ಕೈ ನಿಲ್ಲಿಸಿ, "ನಾನೇ ತಂದುಕೊಟ್ನಲ್ಲ," ಎನ್ನುವಳು. ಎಷ್ಟು ಸಮಾಧಾನ ಮಾಡಿದರೂ ಅದೇ ಮಾತು. ಗೆಳೆಯನನ್ನು ಮೊದಲಿಂದಲೂ ಅಣ್ಣ ಎಂದೇ ಕರೆಯುವವಳು, ಅವನನ್ನು ಊಟಕ್ಕೆ ಕರೆದು, ಹೋಳಿಗೆ ಬಡಿಸಿ, "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು ಅಣ್ಣ? ನಾನು ಮಾಡಿದ್ದ ತಪ್ಪಿಗೆ ನೀವು ಅವರನ್ನ ಉಳಿಸ್ಕೊಟ್ರಿ," ಎಂದು ಕಣ್ಣೊರೆಸಿಕೊಂಡಳು. ಅವನು ತಲೆ ತಗ್ಗಿಸಿದ. ಎಂಥ ವಿನಯವಂತ ಅಂದುಕೊಂಡೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಯುಗಾದಿಗೆ ರಿವರ್‌ಸೈಡ್‌ನ ಅವನ ಫ್ಲ್ಯಾಟಿನಲ್ಲಿ ನಮ್ಮ ಎರಡು ಮನೆಯವರ ಊಟ. ಅವನು ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದ. ಅವನ ಹೆಂಡತಿ, "ಕೆನಡಾ ಫೋಟೊ ನೀವ್ಯಾರೂ ನೋಡೇ ಇಲ್ವಲ್ಲ," ಎಂದು ಗಂಡನ ಫೋನು ತೆಗೆದುಕೊಂಡು ಟೀವಿಗೆ ಹಾಕಿದರು. ಹೋಟೆಲು, ತಿಂಡಿ, ಸ್ನೋಮೊಬೈಲ್ ಮೇಲೆ ನನ್ನ ಪೆಚ್ಚು ನಗೆ. ಮಕ್ಕಳು ಕೇಕೆ ಹಾಕಿದರು. ಆಮೇಲೆ ಒಂದು ವಿಡಿಯೊ ತಾನಾಗೇ ಶುರುವಾಯಿತು.

ಬಿಳಿ ಇಳಿಜಾರು ಅಲ್ಲಾಡುತ್ತಿತ್ತು. ಏದುಸಿರಿನ ನಡುವೆ ಅವನ ಧ್ವನಿ ನನ್ನ ಹೆಸರು ಕೂಗುತ್ತಿತ್ತು. ಚಿತ್ರದ ಕೆಳತುದಿಯಲ್ಲಿ ಅವನ ಎರಡು ಕೈ, ಕೈಯಲ್ಲಿ ಬೀಕನ್. ಅದರ ಬಾಣ ಎಡಕ್ಕೆ ಹಾರಿತು, ಬಲಕ್ಕೆ ಹಾರಿತು, ಮಾಯವಾಯಿತು, ಮತ್ತೆ ಎಡಕ್ಕೆ. ಬಾಣ ಹೋದತ್ತ ಅವನು ಓಡುತ್ತಿದ್ದ. ಎದೆಯ ಮೇಲೆ ಕೂತ ಕ್ಯಾಮೆರಾ, ತಾನೇ ದಾರಿ ತಪ್ಪಿಸುತ್ತಿದ್ದ ಬಾಣವನ್ನು ಗೇಣು ದೂರದಿಂದ ಸ್ಪಷ್ಟವಾಗಿ ಸೆರೆಹಿಡಿದಿತ್ತು.

"ಅಪ್ಪಾ, ವೇರ್ ಆರ್ ಯು?" ಎಂದು ನನ್ನ ಮಗಳು ಟೀವಿಯಲ್ಲಿ ಹುಡುಕಿದಳು.

"ಅದರ ಕೆಳಗಿದೀನಿ ಪುಟ್ಟಿ," ಎಂದೆ.

ಅವನು ಜಾಲರಿ ಸೌಟು ಹಿಡಿದೇ ಓಡಿಬಂದ. "ಏಯ್, ಅದು ಬೇಡ, ಆಫ್ ಮಾಡೇ!" ಎಂದು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡ. ಸೌಟಿನಿಂದ ಎಣ್ಣೆ ಸೋಫಾದ ಮೇಲೆ ತೊಟ್ಟಿಕ್ಕಿತು. ಆ ಓಟ ನೋಡಿಯೇ ನನಗೆ ಎಲ್ಲವೂ ಅರ್ಥವಾಯಿತು. ತಪ್ಪು ತನ್ನ ಕ್ಯಾಮೆರಾದ್ದೆಂದು ಅವನಿಗೆ ಮೊದಲೇ ಗೊತ್ತಿತ್ತು.

ಅವನನ್ನು ಬಾಲ್ಕನಿಗೆ ಕರೆದೊಯ್ದೆ.

"ಯಾವಾಗ ಆನ್ ಮಾಡಿದ್ದೋ?"

"ಆ ಇಳಿಜಾರು ದಾಟುವಾಗ. ನೀನು ಮುಂದೆ ಹೋಗೋದು ಸಕ್ಕತ್ತಾಗಿ ಕಾಣ್ತಿತ್ತು. ಆಮೇಲೆ ಗಾಬರೀಲಿ ಮರ್ತೇಹೋಯ್ತು ಮಗಾ, ದೇವರಾಣೆ."

ಅದನ್ನು ನಂಬಿದೆ, ಈಗಲೂ ನಂಬುತ್ತೇನೆ. ಅಂಥ ಹೊತ್ತಿನಲ್ಲಿ ಯಾರಾದರೂ ಮರೆತಾರು. "ನನ್ನ ಗ್ಲೌಸ್ ಲೈಟ್ ಉರೀತಿತ್ತಾ?" ಎಂದು ಕೇಳಿದೆ.

ಅವನು ಕೆಳಗೆ ಗೇಟಿನ ಬಳಿ ನಿಂತ ಕಾವಲುಗಾರನ ಕಡೆ ನೋಡಿದ. "ಇಲ್ಲ," ಎಂದ. "ಬದುಕಿ ಬಂದ್ಯಲ್ಲ, ಅದು ಮುಖ್ಯ ಅಲ್ವಾ?"

"ಅವಳು ಮೂರು ತಿಂಗಳಿಂದ ಅಳ್ತಾ ಇದಾಳೆ ಕಣೋ. ನಿನ್ನ ಮುಂದೇನೇ ಅತ್ಲಲ್ಲ. ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಹೇಳ್ಬೇಕು ಅಂತ್ಲೇ ಇದ್ದೆ," ಎಂದ. ನನಗೆ ಉಗಿಯಬೇಕು ಅನ್ನಿಸಿತು. ಹೋಳಿಗೆ ತಿನ್ನುವಾಗ ಬಾಯಿ ಇತ್ತಲ್ಲ ಇವನಿಗೆ! ಗದ್ದಲ ಎಲ್ಲಿಂದ ಎಂದು ಹುಡುಕುತ್ತಾ ನನ್ನ ಕೈ, ಹೆಂಡತಿ ಪ್ರೀತಿಯಿಂದ ಕೊಟ್ಟ ಕೈಗವಸು ಎಲ್ಲವನ್ನೂ ಅನುಮಾನಿಸಿದ್ದೆ. ಅವನೊಬ್ಬನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹೆಂಡತಿಗೆ ಕಾರಿನಲ್ಲೇ ಹೇಳಿದೆ. ಅವಳು ಅಳಲಿಲ್ಲ. "ನನ್ನ ಕೈಲಿ ಬಡಿಸ್ಕೊಂಡು ತಿಂದ್ರಲ್ರೀ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು. ಅಣ್ಣ ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಕೆಲಸ ಮಾತ್ರ ಇಬ್ಬರದೂ ಒಂದೇ. ಮುನಿಸಿಕೊಂಡು ಮನೆಯಲ್ಲಿ ಕೂರುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಸಿಬಿಡಿಯ ಒಂದು ಬ್ಯಾಂಕಿನ ತಾರಸಿ ಹತ್ತಿದೆವು. ಕೆಳಗೆ ಮಟಾಟುಗಳ ಹಾರನ್ನು. ಅವನು ಪೆಟ್ಟಿಗೆಯ ಬಾಗಿಲು ತೆರೆದು, ಕೈ ಹಾಕಿ, ಎಂದಿನಂತೆ ಹೇಳಿದ: "ಆಫ್ ಮಾಡಿದೀನಿ, ಹೋಗು."

ನಾನು ಆಂಟೆನಾದ ಕಡೆ ಹೊರಟೆ. ಕಾಲು ನಿಂತಿತು. ವಾಪಸ್ ಬಂದು, "ಸ್ವಲ್ಪ ಸರಿ," ಎಂದು ಅವನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ ದೀಪ ನೋಡಿದೆ. ಆರಿತ್ತು. ಅವನು ಹೇಳಿದ್ದು ನಿಜವೇ ಆಗಿತ್ತು.

ಮಧ್ಯಾಹ್ನ ಎಂಬಕಸಿಯಲ್ಲಿ ಇನ್ನೊಂದು ತಾರಸಿ. ಅವನು ಬಾಗಿಲು ತೆರೆದ, ಕೈ ಹಾಕಿ ಆಫ್ ಮಾಡಿದ. ಈ ಸಲ ಏನೂ ಹೇಳಲಿಲ್ಲ. ನಾನು ಕೇಳುವ ಮೊದಲೇ ಪೆಟ್ಟಿಗೆಯ ಮುಂದಿನಿಂದ ಸರಿದು ನಿಂತ.