ಚಿಗವ್ವನ ಕುತ್ತಿಗೆ ಹಿಡಿದ ದಿನ

ಆಗೆಲ್ಲ ಬೇಸಿಗೆ ರಜೆಗೆ ಸಂಡೂರಿನಿಂದ ಚಿತ್ತವಾಡ್ಗಿಯ ಅಜ್ಜಿಮನೆಗೆ ಬಂದುಬಿದ್ದರೆ ನಮ್ಮ ಹಾಸಿಗೆ ಮಾಳಿಗೆಯ ಮೇಲೆಯೇ. ಸಂಜೆ ನೀರು ಚಿಮುಕಿಸಿದ ಕೂಡಲೇ ಕಾದ ಮಣ್ಣಿನಿಂದ ಘಮ್ಮೆಂದು ವಾಸನೆ ಏಳುತ್ತಿತ್ತು. ಜಮಖಾನೆ, ಅದರ ಮೇಲೆ ಕೌದಿ, ಕೌದಿಯ ಮೇಲೆ ಸಾಲಾಗಿ ನಾವು. ಮಲಗುವುದಕ್ಕೂ ಅಜ್ಜಿಯ ಕಾನೂನುಗಳಿದ್ದವು.

"ಉತ್ತರಕ್ಕ ತೆಲಿ ಇಡಬ್ಯಾಡ್ರಿ. ಉಂಡಮ್ಯಾಲ ಎಡಮಗ್ಗಲಾಗ್ರಿ. ಬಕ್ಕಬಾರಲು ಬಿದ್ರ ಹೊಟ್ಟಿ ನೋಯ್ತೈತಿ, ಹೊರಳ್ರಲೇ!"

ನಾನು ಮಾತ್ರ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದರೆ, ಬೆಳಗಾಗುವಷ್ಟರಲ್ಲಿ ಉತ್ತರಕ್ಕೆ ತಿರುಗಿ ಯಾರದೋ ಹೊಟ್ಟೆಯ ಮೇಲೆ ಕಾಲು ಹಾಕಿರುತ್ತಿದ್ದೆ.

ಆ ಕಾಲಿಗೆ ಓಣಿಯಲ್ಲಿ ಭಾರೀ ಮರ್ಯಾದೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಕುತ್ತಿಗೆ, ಬೆನ್ನು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಡ್ಡಾದಿಡ್ಡಿ ಮಲಗಿ ಎದ್ದವರೆಲ್ಲ ಬೆಳಿಗ್ಗೆ ಅಜ್ಜಿಯ ಕಟ್ಟೆಗೆ ಬಂದು ನನಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಒದೆಯುವುದೆಂದರೆ ಹಿಮ್ಮಡಿಯಿಂದ ಹಗುರಾಗಿ ತಟ್ಟುವುದು, ಅಷ್ಟೇ. ಆದರೂ ದೊಡ್ಡವರನ್ನು ಒದ್ದು ಸುಗಂಧಿ ಬಾಳೆಹಣ್ಣು ಗಿಟ್ಟಿಸುವ ಯೋಗ ಯಾವ ಮಗುವಿಗುಂಟು ಹೇಳಿ!

ಆ ವರ್ಷ ಗಿರಿಜಾ ಚಿಗವ್ವನನ್ನು, ಅಂದರೆ ನನ್ನ ಅವ್ವನ ತಂಗಿಯನ್ನು, ನೋಡಲು ಕಂಪ್ಲಿಯಿಂದ ಗಂಡಿನವರು ಬರುವವರಿದ್ದರು. ಫೋಟೋ ನೋಡಿಯೇ ಚಿಗವ್ವ ಮನಸ್ಸು ಕೊಟ್ಟುಬಿಟ್ಟಿದ್ದಳು. ಹಿಂದೆ ಬಂದವರು "ಹುಡುಗಿಗೆ ಸೊಕ್ಕು" ಎಂದು ಬಿಟ್ಟುಹೋಗಿದ್ದರಿಂದ ಅಜ್ಜಿಗೆ ಅದೇ ಚಿಂತೆ. ಕಂಪ್ಲಿಯವರು ಬರುವ ಹಿಂದಿನ ಸಂಜೆ ನೋಡಿದರೆ ಚಿಗವ್ವನ ಬಲಗೆನ್ನೆಯ ಮೇಲೆ ಮೊಡವೆ! ಗಂಧ ತೇಯ್ದು ಹಚ್ಚಿಕೊಂಡಳು. ಅದು ಅಳಿಸಬಾರದೆಂದು ಎರಡು ದಿಂಬು ಪೇರಿಸಿ, ಎಡಮಗ್ಗಲಾಗಿ, ರಾತ್ರಿಯಿಡೀ ಮಿಸುಕದೆ ಮಲಗಿದಳು. ಬೆಳಿಗ್ಗೆ ಮೊಡವೆ ಇಳಿದಿತ್ತು, ಕುತ್ತಿಗೆ ಹಿಡಿದಿತ್ತು. ಎಡಕ್ಕೆ ತಿರುಗಿದ ಮುಖ ತಿರುಗಿದ ಹಾಗೆಯೇ ನಿಂತುಬಿಟ್ಟಿತ್ತು.

"ನಿದ್ದ್ಯಾಗ ಮೈ ಹೊರಳಬೇಕವ್ವಾ! ಈ ಹುಡುಗೀನ ನೋಡಿಯಾದ್ರೂ ಕಲಿಬಾರದ?" ಎಂದು ಅಜ್ಜಿ ಹಣೆ ಬಡಿದುಕೊಂಡಳು.

ಹುರಿದ ಉಪ್ಪಿನ ಗಂಟಿನಿಂದ ಶಾಖ ಕೊಟ್ಟದ್ದಾಯಿತು. ಕೊನೆಗೆ ನನ್ನನ್ನು ಕರೆದರು. ದೇವರಿಗೆ ಕೈಮುಗಿದು ಒದ್ದೆ.

"ಬಿಡ್ತಾ ಚಿಗವ್ವಾ?"

"ಇಲ್ಲ ಪುಟ್ಟಿ."

ಇನ್ನೊಮ್ಮೆ ಒದ್ದೆ. ಊಹೂಂ. ಓಣಿಯವರಿಗೆಲ್ಲ ಆದ ಕಾಲು ನನ್ನ ಚಿಗವ್ವನಿಗೇ ಆಗಲಿಲ್ಲವಲ್ಲ ಎಂದು ಗೊಳೋ ಎಂದು ಅತ್ತೆ. ಅವಳೇ ಗೋಡೆ ನೋಡುತ್ತ ತಡಕಾಡಿ ನನ್ನ ಕಣ್ಣೊರೆಸಿದಳು.

ಮಧ್ಯಾಹ್ನ ಗಂಡಿನವರು ಬಂದರು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿಯ ವಾಸನೆ ಪಡಸಾಲೆ ತುಂಬಿತ್ತು. ಹುಡುಗನ ಕುರ್ಚಿ ಚಾಪೆಯ ಮೇಲೆ ಕೂತ ಚಿಗವ್ವನ ಬಲಕ್ಕೆ ಬಿತ್ತು. ಅವಳ ಮುಖ ಎಡಗಡೆಯ ಗೋಡೆಗೆ. ಹುಡುಗನ ತಾಯಿ ಮುಖ ಗಂಟಿಕ್ಕಿದರು.

"ಯಾಕವ್ವಾ, ನಮ್ಮ ಹುಡುಗ ಮನಸ್ಸಿಗಿ ಬರಲಿಲ್ಲೇನು? ಗ್ವಾಡಿ ನೋಡಾಕ ಹತ್ತೀದಿ?"

ಮತ್ತೆ ಸೊಕ್ಕು ಎಂದುಬಿಡುತ್ತಾರೆ ಎಂದು ನನಗೆ ತಡೆಯಲಾಗಲಿಲ್ಲ.

"ಇಲ್ರೀ! ಗಂಧ ಹಚ್ಚಿ ಒಂದ ಮಗ್ಗಲಾಗಿ ಮಲಗಿದ್ದಕ್ಕ ಕುತ್ತಿಗಿ ಹಿಡದೈತ್ರಿ! ನಾನು ಒದ್ದೀನ್ರಿ, ಆದ್ರೂ ಬಿಟ್ಟಿಲ್ರಿ!"

ಅಜ್ಜಿ ನನ್ನ ತೊಡೆ ಚಿವುಟಿದಳು. ಹುಡುಗ ಎದ್ದು ನಿಂತ. ಹೊರಟೇಬಿಟ್ಟ ಅಂದುಕೊಂಡೆ. ಅವನು ಕುರ್ಚಿ ಎತ್ತಿಕೊಂಡು ಚಾಪೆ ಸುತ್ತಿಬಂದು, ಚಿಗವ್ವನ ಕಣ್ಣೆದುರಿಗೇ ಇಟ್ಟು ಕೂತ.

"ಅವರಿಗಿ ತಿರುಗಾಕ ಬರಲ್ಲಂದ್ರ ನಾನ ಈ ಕಡಿ ಕುಂದರ್ತೀನಿ. ಅದರಾಗೇನೈತಿ?"

ಚಿಗವ್ವ ನಕ್ಕಳು. ನಕ್ಕಿದ್ದಕ್ಕೆ ಕುತ್ತಿಗೆ ನೊಂದು "ಅವ್ವಾ" ಎಂದಳು, ಮತ್ತೆ ನಕ್ಕಳು. ಹುಡುಗನ ತಾಯಿಯೂ ನಗುತ್ತ, "ಮದ್ವಿ ದಿನಕ್ಕರ ನೆಟ್ಟಗ ಮಲಗಿ ಏಳವ್ವಾ" ಎಂದರು.

ಈಗ ಆ ಮಣ್ಣಿನ ಮಾಳಿಗೆಯಿಲ್ಲ, ಸಾಲು ಹಾಸಿಗೆಯಿಲ್ಲ, ಹೊರಳ್ರಲೇ ಎನ್ನುವ ಅಜ್ಜಿಯೂ ಇಲ್ಲ. ಅವರವರಿಗೆ ಅವರವರ ಕೋಣೆ, ಫ್ಯಾನು. ಕಾಲು ಮುಂದಾದ ಕೂಸನ್ನು ಡಾಕ್ಟರು ಆಪರೇಷನ್ ಮಾಡಿ ತೆಗೆಯುತ್ತಾರೆ. ತಾಯಿ ಮಗು ಸುಖವಾಗಿರುತ್ತಾರೆ, ಒಳ್ಳೆಯದೇ. ಆದರೆ ಓಣಿಯಲ್ಲಿ ಒದೆಯುವವರ ಕುಲ ನನಗೇ ಮುಗಿಯಿತು. ದುಬಾರಿ ದಿಂಬಿನ ಮೇಲೆ ಮಲಗಿದರೂ ನನ್ನ ಕುತ್ತಿಗೆ ಆಗಾಗ ಹಿಡಿಯುತ್ತದೆ. ನನ್ನ ಕಾಲು ನನಗೆ ಎಟುಕುವುದಿಲ್ಲವಲ್ಲ!

ಮೊನ್ನೆ ಹಿಡಿದ ಕುತ್ತಿಗೆಯಲ್ಲೇ ಕಂಪ್ಲಿಗೆ ಹೋಗಿದ್ದೆ. ಅಂದಿನ ಆ ಹುಡುಗ, ನನ್ನ ಚಿಗಪ್ಪ, ಈಗ ಮಂಡಿನೋವಿನ ಮುದುಕ. ನನ್ನನ್ನು ನೋಡಿದರು, ಏನಾಯಿತೆಂದು ಕೇಳಲಿಲ್ಲ. ಕುಂಟುತ್ತ ಕುರ್ಚಿ ಎತ್ತಿಕೊಂಡು ನನ್ನ ಮುಖ ತಿರುಗಿದ ಕಡೆಗೇ ಬಂದು ಕೂತರು.

"ಈಗ ಹೇಳವ್ವಾ, ಆರಾಮದೀ?"