ಮೂರು ನೀರಿನಲ್ಲಿ ತೊಳೆದ ಮಾಂಸ

ಅಮೆರಿಕದ ಅಲೆನ್ ಊರಿನ ನಮ್ಮ ಅಡುಗೆಮನೆಯಲ್ಲಿ ಈಗ ಸಾಸಿವೆಯ ಘಾಟು. ನಾಳೆಯ ಬಾರ್ಬೆಕ್ಯೂಗೆಂದು ಕೋಳಿಗೆ ಹಳದಿ ಮಸ್ಟರ್ಡ್ ಬಳಿಯುತ್ತಿದ್ದೇನೆ. ರುಚಿಗಲ್ಲ, ಮೇಲೆ ಉದುರಿಸುವ ಮಸಾಲೆಪುಡಿ ಅಂಟಿಕೊಳ್ಳಲಿ ಎಂದು. ಈ ವಿದ್ಯೆ ಕಲಿಸಿದವರು ಪಕ್ಕದ ಮನೆಯ ರಾನ್. ಮಾಂಸಕ್ಕೆ ಮೊಸರು, ಶುಂಠಿ, ಬೆಳ್ಳುಳ್ಳಿ ಬಿಟ್ಟರೆ ಬೇರೆ ಗತಿಯಿಲ್ಲ ಎಂದು ನಂಬಿದ್ದ ನಾನು ಅವರ ಬೇಲಿಯ ಬಳಿ ನಿಂತು ಪಾಠ ಕೇಳಿದವನು. ಪರೀಕ್ಷೆ ಇಟ್ಟಿದ್ದರೆ ಖಂಡಿತ ಫೇಲು.

ರಾನ್ ಬಳಸುತ್ತಿದ್ದ ಪುಡಿ ಅವರ ಹೆಂಡತಿ ಲಿಂಡಾ ಮಾಡಿದ್ದು. ಆಕೆ ತೀರಿಕೊಂಡ ಮೇಲೆ ಅವರು ಬಾರ್ಬೆಕ್ಯೂ ಒಲೆ ಹಚ್ಚಿರಲಿಲ್ಲ. ಮರುವರ್ಷ ಮನಸ್ಸು ಮಾಡಿ, ನಾವೂ ತಿನ್ನಲೆಂದು ದನದ ಮಾಂಸ ಬಿಟ್ಟು ಕುರಿಯ ತೊಡೆ ತಂದು, ಡಬ್ಬಿಯ ತಳದಲ್ಲಿ ಉಳಿದಿದ್ದ ಅಷ್ಟೂ ಪುಡಿಯನ್ನು ಅದಕ್ಕೆ ಹಚ್ಚಿದರು. ಅವರ ಫ್ರಿಜ್ಜು ಕೆಟ್ಟಿದ್ದರಿಂದ ಅದು ರಾತ್ರಿಯಿಡೀ ನಮ್ಮ ಫ್ರಿಜ್ಜಿನಲ್ಲಿತ್ತು.

ಹುಬ್ಬಳ್ಳಿಯಿಂದ ಬಂದಿದ್ದ ನಮ್ಮತ್ತೆ ಎಲ್ಲರಿಗಿಂತ ಮೊದಲು ಏಳುವವರು.

"ಮಣ್ಣು ಮೆತ್ತಿದ ಮಾಂಸ ಹಂಗ ಇಟ್ಟಿದ್ರಲ್ರೀ. ಮೂರು ನೀರಾಗ ತೊಳದೇನಿ," ಎಂದರು, ಹೆಮ್ಮೆಯಿಂದ.

ನಾನು ಬೇಲಿಯ ಬಳಿಗೆ ಓಡಿದೆ. ಇದ್ದದ್ದನ್ನು ಇದ್ದ ಹಾಗೆ ರಾನ್‌ಗೆ ಹೇಳಿದೆ. ಅವರು ಬಂದು ಸಿಂಕನ್ನು ನೋಡುತ್ತಾ ನಿಂತರು. "ಅದೇ ಕೊನೆಯದು," ಎಂದರು. ಬೈದಿದ್ದರೆ ವಾಸಿಯಿತ್ತು.

ಅತ್ತೆಗೆ ವಿಷಯ ತಿಳಿಸಿದಾಗ ಅವರು ಕುಸಿದು ಕುಳಿತರು. "ಅಯ್ಯ ಶಿವನ! ಸತ್ತಾಕಿ ಕೈರುಚಿ ತೊಳದಬಿಟ್ಟೆನಲ್ರೀ." ಆಮೇಲೆ ಎದ್ದು, ಊರಿನಿಂದ ತಂದಿದ್ದ ಮಸಾಲೆ ಖಾರವನ್ನು ಆ ತೊಡೆಗೆ ತಿಕ್ಕಿ, ಎರಡೂ ಕೈಯಲ್ಲಿ ಹಿಡಿದು ರಾನ್‌ಗೆ ಕೊಟ್ಟರು. ಅವರು ಬೇಡ ಎನ್ನಲಿಲ್ಲ.

ಸಂಜೆ ರಾನ್ ಮೊದಲ ತುಂಡು ತಿಂದರು.

"ಉಪ್ಪು ಹೆಚ್ಚಾಗಿದೆ," ಎಂದರು.

ನಾನು ಅನುವಾದಿಸಿದೆ. ಅತ್ತೆ ಗಾಬರಿಯಾದರು. "ಗಡಿಬಿಡ್ಯಾಗ ನಾ ಉಪ್ಪು ಹಾಕೋದ ಮರತೇನ್ರೀ! ನನ್ನ ಖಾರದಾಗೂ ಉಪ್ಪಿಲ್ಲ."

ಅದನ್ನೂ ಅನುವಾದಿಸಿದೆ. ರಾನ್ ಅಗಿಯುವುದನ್ನು ನಿಲ್ಲಿಸಿದರು. ಪುಡಿ ತೊಳೆದುಹೋಗಿತ್ತು, ಅದರಲ್ಲಿದ್ದ ಉಪ್ಪು ಮಾತ್ರ ರಾತ್ರಿಯೇ ಒಳಗಿಳಿದಿತ್ತು.

"ಹಾಗಾದರೆ ಇದು ಲಿಂಡಾಳದೇ," ಎಂದರು. "ಯಾವಾಗಲೂ ಹೆಚ್ಚು ಹಾಕುತ್ತಿದ್ದಳು. ನಾನು ಒಂದು ದಿನವೂ ಹೇಳಲಿಲ್ಲ."

ಇದನ್ನೂ ಅತ್ತೆಗೆ ಅನುವಾದಿಸಿದೆ. ರಾನ್ ಅಷ್ಟರಲ್ಲಿ ಮತ್ತೊಂದು ತುಂಡು ಬಡಿಸಿಕೊಂಡಿದ್ದರು.

ಈ ಕೋಳಿಗೂ ಉಪ್ಪು ಒಂದು ಚಿಟಿಕೆ ಹೆಚ್ಚೇ ಬಿದ್ದಿದೆ. ನಾಳೆ ಮಗಳು "ಟೂ ಸಾಲ್ಟಿ, ಅಪ್ಪಾ" ಎಂದು ಮುಖ ಸಿಂಡರಿಸುತ್ತಾಳೆ. ಹೇಳಲಿ, ಎದುರಿಗೇ ಹೇಳಲಿ. ಕೇಳಿಸಿಕೊಳ್ಳಲು ನಾನು ಇದ್ದೇನಲ್ಲ.